ಸತ್ತ ಗೆಳೆಯನ ಪ್ರೇಮಕಥೆ

ಮದುವೆ ವಿಡಿಯೋ ತೆಗೆಯುವವನು ನಗೆಪಾಟಲಾಗುವುದಕ್ಕೆ ಯಾವ ಮುಹೂರ್ತವನ್ನೂ ನೋಡಬೇಕಾಗಿಲ್ಲ. ಇಪ್ಪತ್ತೆರಡು ವರ್ಷದಿಂದ ದಾವಣಗೆರೆ, ಹರಿಹರದ ಕಲ್ಯಾಣ ಮಂಟಪಗಳಲ್ಲಿ ಕ್ಯಾಮೆರಾ ಹೊತ್ತು ತಿರುಗಿದ್ದೇನೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಬ್ಯಾಟರಿ ಹೋಗಿದ್ದುಂಟು. ಬೀಗರ ಜಗಳವನ್ನು ಗೊತ್ತಿಲ್ಲದೆ ಪೂರ್ತಿ ರೆಕಾರ್ಡ್ ಮಾಡಿ, ಎರಡೂ ಮನೆಯವರಿಗೆ ಒಂದೊಂದು ಪ್ರತಿ ಕೊಟ್ಟು ಕೈ ಮುಗಿದು ಬಂದದ್ದೂ ಉಂಟು. ಆದರೆ ಅವೆಲ್ಲ ಬೇರೆಯವರ ಮನೆಯವು, ನಕ್ಕು ಮರೆಯಬಹುದಿತ್ತು. ಹೋದ ವರ್ಷ ಒಂದು ಪಿಚ್ಚರಿಗೆ ಕ್ಯಾಮೆರಾ ಹಿಡಿದೆ. ಆ ಎರಡು ತಿಂಗಳನ್ನು ನೆನೆದರೆ ಈಗಲೂ ಮೊದಲು ಎದೆ ಡವಡವ ಅನ್ನುತ್ತದೆ, ನಗು ಬರುವುದು ಆಮೇಲೆ.

ನನ್ನ ತಿಥಿ

ಪಿಚ್ಚರಿನ ಹುಚ್ಚು ನಮ್ಮ ಓಣಿಯ ಹೈಸ್ಕೂಲ್ ಕನ್ನಡ ಮೇಷ್ಟ್ರದು. ನಿಟ್ಟುವಳ್ಳಿಯಲ್ಲಿ ಅವರ ಮನೆಗೂ ನನ್ನ ಸ್ಟುಡಿಯೋಕ್ಕೂ ನಾಲ್ಕು ಹೆಜ್ಜೆ. ಒಂದು ಭಾನುವಾರ ಬಂದು ಕೂತವರು, ಫೈಟಿಲ್ಲದ, ಹಾಡಿಲ್ಲದ, ಒಂದೇ ಮನೆಯೊಳಗೆ ನಡೆಯುವ ಪಿಚ್ಚರ್ ಮಾಡೋಣ ಅಂದರು. ಮಾತು ಬಿಟ್ಟ ಅಣ್ಣತಮ್ಮಂದಿರು ಇರಬೇಕಂತೆ, ಹೇಳಿಕೊಳ್ಳಲಾಗದ ಒಂದು ಪ್ರೀತಿ ಇರಬೇಕಂತೆ. ಎಲ್ಲ ಇದೆ, ಕಥೆ ಒಂದು ಸಿಕ್ಕಿಲ್ಲ ಅಂದರು.

ನಾನು ಸುಮ್ಮನಿರಬಹುದಿತ್ತು. ಬಾಯಿ ಸುಮ್ಮನಿರಲಿಲ್ಲ. ನನ್ನ ಗೆಳೆಯನೊಬ್ಬನಿಗೆ ಹಿಂಗಿಂಗೆ ಆಗಿತ್ತು ಅಂತ ಶುರು ಮಾಡಿದೆ. ಹರಿಹರದ ಒಂದು ಹುಡುಗಿಯನ್ನು ಇಷ್ಟಪಟ್ಟ, ಹೇಳಲಿಲ್ಲ, ಆಕೆಯ ಮದುವೆಯಲ್ಲಿ ತಾನೇ ನಿಂತು ಕೆಲಸ ಮಾಡಿದ, ಊರಿಗೆ ಬಂದು ಮನೆಯವರು ತೋರಿಸಿದ ಹುಡುಗಿಯನ್ನು ಕಟ್ಟಿಕೊಂಡ, ಇಷ್ಟೇ ಕಥೆ. ಹೇಳಿ ಮುಗಿಸುವಷ್ಟರಲ್ಲಿ ಮೇಷ್ಟ್ರ ಕಣ್ಣು ತುಂಬಿತ್ತು. ಗೆಳೆಯ ಏನು ಕೆಲಸ ಮಾಡುತ್ತಿದ್ದ ಅಂತ ಕೇಳಿದರು. ಟೈಲರ್ ಅಂದೆ. ಈಗ ಎಲ್ಲಿದ್ದಾನೆ, ಒಂದು ಸಲ ಭೇಟಿ ಮಾಡಿಸಿ ಅಂದರು. ನನಗೆ ದಿಕ್ಕು ತೋಚಲಿಲ್ಲ. ತೀರಿಕೊಂಡ ಅಂದುಬಿಟ್ಟೆ.

ಆ ಗೆಳೆಯ ನಾನೇ ಅಂತ ಬೇರೆ ಹೇಳಬೇಕಾಗಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿಗೆ ನಾನು ಹೇಳದೆ ಉಳಿಸಿಕೊಂಡದ್ದು ಇದೊಂದೇ. ಈಗ ಅದರಲ್ಲಿ ಪ್ರೀತಿ ಏನೂ ಉಳಿದಿರಲಿಲ್ಲ, ನಿಜವಾಗಿ ಹೇಳುತ್ತೇನೆ. ಆದರೆ ಇಷ್ಟು ವರ್ಷ ಮುಚ್ಚಿಟ್ಟಿದ್ದೆ ಅನ್ನುವುದು ಆಕೆಗೆ ಗೊತ್ತಾದರೆ ಎಷ್ಟು ನೋವಾದೀತು ಅನ್ನುವ ಭಯ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆದಿತ್ತು. ಇನ್ನು ಅದನ್ನೇ ಪರದೆಯ ಮೇಲೆ ಹಾಕಲು ಹೊರಟಿದ್ದೆ. ಇರಲಾರದೆ ಇರುವೆ ಬಿಟ್ಟುಕೊಂಡೆ ಅನ್ನುತ್ತಾರಲ್ಲ, ಹಾಗೆ.

ಮೇಷ್ಟ್ರು ಸತ್ತವನನ್ನು ಅಷ್ಟಕ್ಕೇ ಬಿಡಲಿಲ್ಲ. ಅವನದೊಂದು ಫೋಟೋ ಬೇಕು, ಪಿಚ್ಚರಿನ ಮೊದಲಿಗೆ ಹಾರ ಹಾಕಿ ತೋರಿಸೋಣ ಅಂದರು. ಮಳೆಗಾಲದಲ್ಲಿ ಮನೆ ಸೋರಿ ಎಲ್ಲ ಫೋಟೋ ಹಾಳಾಯಿತು ಅಂದೆ. ಅವನ ಹೆಂಡತಿಗೆ ಒಂದು ಮಾತು ಸಮಾಧಾನ ಹೇಳಿ ಬರೋಣ ಅಂದರು. ಆಕೆ ತವರಿಗೆ ಹೋದಳು, ತವರು ಯಾವುದೋ ಗೊತ್ತಿಲ್ಲ ಅಂದೆ. ಕೊನೆಗೆ ನಮ್ಮ ಮನೆಯ ಪಡಸಾಲೆಯಲ್ಲೇ ಕೂತು, "ಒಲಿದೂ ಹೇಳಲಾರದೆ ಹೋದ ಆ ಜೀವಕ್ಕೆ ಅರ್ಪಣೆ" ಅಂತ ಬರೆದು ಗಟ್ಟಿಯಾಗಿ ಓದಿದರು. ಸರಿಯಾಗಿ ಅದೇ ಹೊತ್ತಿಗೆ ನನ್ನ ಹೆಂಡತಿ ಚಾ ತಂದಳು. ಯಾರು ಹೋದರು ಅಂತ ಕೇಳಿದಳು. ನಿಮ್ಮ ಯಜಮಾನರ ಗೆಳೆಯ, ಹರಿಹರದ ಹುಡುಗಿಯನ್ನು ಇಷ್ಟಪಟ್ಟಿದ್ದ ಟೈಲರ್ ಅಂತ ಮೇಷ್ಟ್ರು ಕಥೆಯನ್ನೆಲ್ಲ ಹೇಳಿದರು.

ಆಕೆ ತಟ್ಟೆ ಹಿಡಿದುಕೊಂಡೇ ಪೂರ್ತಿ ಕೇಳಿದಳು. "ಹೌದಾ, ಪಾಪ," ಅಂದಳು. "ಭಾಳ ಒಳ್ಳೇರಿದ್ರು. ನಮ್ಮನೇಲಿ ಉಂಡಾಗೆಲ್ಲ ಎರಡು ರೊಟ್ಟಿ ಜಾಸ್ತೀನೆ ತಿಂತಿದ್ರು."

ಹುಟ್ಟದೇ ಇದ್ದವನು ನಮ್ಮ ಮನೆಯಲ್ಲಿ ಯಾವಾಗ ಬಂದು ಉಂಡ ಅಂತ ನಾನು ಕೇಳಲಿಲ್ಲ. ಸತ್ತವರ ವಿಷಯ ಜಾಸ್ತಿ ಕೆದಕಬಾರದು.

ಮದುಮಗನಿಲ್ಲದ ಮದುವೆ

ಮೇಷ್ಟ್ರಿಗೆ ಹೇಳದೆ ಉಳಿಸಿಕೊಂಡ ಭಾಗವನ್ನು ಇಲ್ಲಿ ಹೇಳುತ್ತೇನೆ.

ಆಗ ನಾನು ಹರಿಹರದ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ. ದೇವಸ್ಥಾನದ ಹಿಂದಿನ ಓಣಿಯಲ್ಲಿ ಒಂದು ನೀಲಿ ಬಾಗಿಲ ಮನೆ. ಆ ಮನೆಯ ಹುಡುಗಿ ಕಾಲೇಜಿನ ಅರ್ಜಿಗೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದಿದ್ದಳು. ಒಂದು ಸಾಕಾಗಿತ್ತು, ನಾನು ಏಳು ತೆಗೆದೆ. ಗಲ್ಲ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಇನ್ನೊಂದು ಚೂರು ಎಡಕ್ಕೆ ಅಂತ ಹೇಳುತ್ತ ಹೋದೆ. ಆಕೆ ಸಿಟ್ಟಿಗೆದ್ದು, ಅರ್ಜಿ ಹಾಕುವ ಕೊನೇ ದಿನ ಇವತ್ತೇ ಅಂದ ಮೇಲೆ ಬಿಟ್ಟೆ. ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಅಂದರೆ ಅದೊಂದೇ. ಆಮೇಲೆ ಒಂದು ವರ್ಷ ಆ ಓಣಿಯಲ್ಲಿ ಸುಮ್ಮನೆ ಓಡಾಡಿದೆ. ಒಂದು ದಿನ ಆಕೆಯ ಅಪ್ಪ ಸ್ಟುಡಿಯೋಕ್ಕೆ ಬಂದು, ಮಗಳ ಮದುವೆ ಇದೆ, ವಿಡಿಯೋ ನೀವೇ ತೆಗೆಯಬೇಕು ಅಂದರು. ನಮ್ಮ ಓನರ್‌ಗೆ ಅವತ್ತು ಬೇರೆ ಮದುವೆ ಇತ್ತು. ಕ್ಯಾಮೆರಾ ನನ್ನ ಕೈಗೆ ಬಂತು.

ಎರಡು ದಿನ ತೆಗೆದೆ. ಅಳು ಬಂತೋ ಇಲ್ಲವೋ ನೆನಪಿಲ್ಲ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿಕೊಂಡಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಹದಿನೈದು ದಿನಕ್ಕೆ ಮದುಮಗನ ಸೋದರಮಾವ ಸೀಡಿ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದ. ಹಿಂದೆಯೇ ಮದುಮಗ. ಮೂರು ತಾಸಿನ ವಿಡಿಯೋದಲ್ಲಿ ಹುಡುಗಿ ಇದ್ದಾಳೆ, ಹುಡುಗಿಯ ಜಡೆ ಇದೆ, ಹುಡುಗಿಯ ಮೆಹಂದಿ ಇದೆ, ನಮ್ಮ ಹುಡುಗ ಎಲ್ಲಿ ಅಂತ ಮಾವನ ಪ್ರಶ್ನೆ. ಹಾಕಿ ನೋಡಿದೆವು. ಮದುಮಗ ಅಂತ ಕಂಡದ್ದು ತಾಳಿ ಕಟ್ಟುವಾಗ ಎರಡು ಕೈ, ಸಪ್ತಪದಿಯಲ್ಲಿ ಎರಡು ಕಾಲು. ಮುಖ ಒಂದು ಕಡೆಯೂ ಇರಲಿಲ್ಲ. ಹುಡುಗ ಎತ್ತರ ಇದ್ದದ್ದರಿಂದ ಫ್ರೇಮಿಗೆ ಸಿಕ್ಕಲಿಲ್ಲ ಅಂತ ಏನೋ ತೊದಲಿದೆ. ನಮ್ಮ ಓನರ್ ತಲೆಯ ಮೇಲೆ ಕೈ ಹೊತ್ತು ಕೂತ.

ಮದುಮಗ ಮಾತ್ರ ಟೀವಿಯಿಂದ ಕಣ್ಣು ತೆಗೆಯದೆ ನೋಡುತ್ತಿದ್ದ. ಕೊನೆಗೆ, "ಬಿಡು ಮಾವ," ಅಂದ. "ಅವತ್ತೆಲ್ಲ ನಾನೂ ಆಕೀನೇ ನೋಡ್ತಿದ್ದೆ. ನಾನು ನೋಡಿದ್ದನ್ನೇ ತೆಗೆದಾನೆ."

ಅವನ ಮೇಲೆ ಒಂದು ಚೂರು ಸಿಟ್ಟಾದರೂ ಬರಲಿ ಅಂತ ಎಷ್ಟು ಪ್ರಯತ್ನ ಪಟ್ಟರೂ ಬರಲಿಲ್ಲ. ಒಳ್ಳೆಯ ಮನೆಗೆ ಹೋದಳು ಅಂತ ಸಮಾಧಾನವೇ ಆಯಿತು. ಆ ಮಾವ ಮಾತ್ರ ಹೋಗುವಾಗ ಬಾಗಿಲಲ್ಲಿ ನಿಂತು, ಕಾಲು ಚೆನ್ನಾಗಿ ಬಂದಾವೆ ಅಂತ ಹೇಳಿ ಹೋದ.

ಕುಕ್ಕರಿನ ಟೈಮ್‌ಟೇಬಲ್

ಶೂಟಿಂಗು ನಮ್ಮ ಮನೆಯಲ್ಲೇ ಅಂತ ಆಯಿತು. ಪಿಸುಮಾತಿನ ಪಿಚ್ಚರ್ ಅದು, ಮೌನ ಬೇಕು ಅಂತ ಮೇಷ್ಟ್ರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಿಟ್ಟುವಳ್ಳಿಯಲ್ಲಿ ಮೌನ ಎಲ್ಲಿಂದ ತರುವುದು? ಟೈಲರ್ ಪಾತ್ರದ ಹುಡುಗ, ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು, ಕಿಟಕಿಯ ಹತ್ತಿರ ನಿಂತು ನಿಟ್ಟುಸಿರು ಬಿಡಬೇಕು. ಬಿಟ್ಟ ಕೂಡಲೇ ಪಕ್ಕದ ಮನೆಯ ಕುಕ್ಕರ್ ಅದಕ್ಕಿಂತ ದೊಡ್ಡ ನಿಟ್ಟುಸಿರು ಬಿಡುತ್ತಿತ್ತು. ಅದು ನಿಂತರೆ ಎದುರು ಮನೆಯದು.

ಮೇಷ್ಟ್ರು ಶಾಲೆಯ ಪದ್ಧತಿಯನ್ನೇ ಹಿಡಿದರು. ಒಂದು ಹಾಳೆಯ ಮೇಲೆ ಟೈಮ್‌ಟೇಬಲ್ ಬರೆದು ಓಣಿಯ ಮನೆಮನೆಗೂ ಹೋಗಿ ಕೈ ಮುಗಿದರು. ಹನ್ನೊಂದರಿಂದ ಹನ್ನೊಂದೂಕಾಲು ಕುಕ್ಕರಿನ ಪೀರಿಯಡ್ಡು, ಮಿಕ್ಕ ಹೊತ್ತು ದಯವಿಟ್ಟು ಸೀಟಿ ಹೊಡೆಸಬೇಡಿ ಅಂತ. ಹೆಣ್ಣುಮಕ್ಕಳೆಲ್ಲ ಒಪ್ಪಿದರು. ಅರ್ಧ ಜನ ಅವರ ಹಳೇ ವಿದ್ಯಾರ್ಥಿನಿಯರು, ಒಪ್ಪದೆ ಏನು ಮಾಡುತ್ತಾರೆ.

ಮಾರನೇ ದಿನ ಹನ್ನೊಂದಕ್ಕೆ ಸರಿಯಾಗಿ ಇಡೀ ಓಣಿಯ ಇಪ್ಪತ್ತು ಮೂವತ್ತು ಕುಕ್ಕರು ಒಟ್ಟಿಗೆ ಕೂಗಿದವು. ನಾಯಿಗಳು ಗಾಬರಿಯಾಗಿ ಓಡಿದವು. ಆಟೋದವನೊಬ್ಬ ಗಾಡಿ ಪಕ್ಕಕ್ಕೆ ಹಾಕಿ, ಹತ್ತಿರದಲ್ಲಿ ಯಾವ ಫ್ಯಾಕ್ಟರಿ ಬಂತು ಅಂತ ವಿಚಾರಿಸಿದ. ಹದಿನೈದು ನಿಮಿಷ ಆದ ಮೇಲೆ ನಿಜಕ್ಕೂ ಸೂಜಿ ಬಿದ್ದರೆ ಕೇಳುವಂಥ ಮೌನ. ಮೇಷ್ಟ್ರು ಖುಷಿಯಿಂದ ಆಕ್ಷನ್ ಅಂದರು. ಟೈಲರ್ ಹುಡುಗ ನಿಟ್ಟುಸಿರು ಬಿಟ್ಟ. ಆಗ ಎದುರು ಮನೆಯ ಅಜ್ಜಿ ಕಿಟಕಿಯಿಂದ ತಲೆ ಹಾಕಿ, "ಮೇಷ್ಟ್ರೆ, ನಮ್ಮ ಬ್ಯಾಳೆ ಬೆಂದಿಲ್ಲ, ಇನ್ನೊಂದು ಸೀಟಿ ಲೇಟಾಗಿ ಹೊಡೆಸಬೋದಾ?" ಅಂತ ಪರ್ಮಿಶನ್ ಕೇಳಿದಳು.

ಸಾಂಬಾರಿನ ಬಕೆಟ್ಟು

ನಾಯಕಿಯ ಮದುವೆಯ ಸೀನನ್ನು ಹರಿಹರದ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ ಇಟ್ಟುಕೊಂಡೆವು. ಜನ ಬೇಕಲ್ಲ, ನನ್ನ ಹೆಂಡತಿ ತನ್ನ ತವರಾದ ಆನಗೋಡಿನಿಂದ ಎರಡು ಗಾಡಿ ತುಂಬ ಬಂಧುಬಳಗವನ್ನು ಕರೆಸಿದಳು. ಇದು ಸುಳ್ಳು ಮದುವೆ, ಪಿಚ್ಚರಿಗೆ ಅಂತ ಎಲ್ಲರಿಗೂ ಬಿಡಿಸಿ ಹೇಳಿದ್ದೆವು. ಎಲ್ಲರಿಗೂ ಅರ್ಥವಾಗಿತ್ತು. ಆದರೂ ನನ್ನ ಹೆಂಡತಿಯ ಸೋದರತ್ತೆ ಕುಪ್ಪಸದ ಕಣ, ತೆಂಗಿನಕಾಯಿ, ಎಲೆ ಅಡಿಕೆ ಎಲ್ಲ ಕಟ್ಟಿಕೊಂಡೇ ಬಂದಿದ್ದಳು. ಯಾಕೆ ಅಂತ ಕೇಳಿದರೆ, ಪಿಚ್ಚರ್ ಆದರೇನು, ಅರಿಶಿನ ಹಚ್ಚಿದ ಹೆಣ್ಣು ಬರೀ ಉಡಿಯಲ್ಲಿ ಕೂಡಬಾರದು ಅಂದಳು. ನಾಯಕಿಯ ಉಡಿ ತುಂಬಿದ ಮೇಲೆಯೇ ನಾವು ಕ್ಯಾಮೆರಾ ಆನ್ ಮಾಡಿದ್ದು.

ಸೀನು ಏನೆಂದರೆ, ಟೈಲರ್ ಹುಡುಗ ಕಂಬ ಹಿಡಿದುಕೊಂಡು ಒಬ್ಬನೇ ನಿಂತಿರಬೇಕು. ಎದುರಿಗೆ ತಾನೇ ಹೊಲಿದ ರವಿಕೆ ತೊಟ್ಟು ಹುಡುಗಿ ಬೇರೆಯವನ ಪಕ್ಕ ಕೂತಿರಬೇಕು. ಮೊದಲನೇ ಟೇಕಿನಲ್ಲೇ ಸೋದರತ್ತೆ ಫ್ರೇಮಿನೊಳಗೆ ನಡೆದು ಬಂದು, ಯಾರ ಪೈಕಿಯಪ್ಪ ನೀನು, ಊಟ ಆಯಿತಾ ಅಂದಳು. ಹುಡುಗ ಪಾತ್ರದೊಳಗೇ ಇದ್ದು, ಹಸಿವಿಲ್ಲ ಅಂದ. ಆಕೆ ಅವನ ಕೈ ಹಿಡಿದು ಪಂಕ್ತಿಗೆ ಎಳೆದುಕೊಂಡು ಹೋದಳು. ಎರಡನೇ ಟೇಕಿಗೆ ಆಕೆಯನ್ನು ದೂರ ಕೂರಿಸಿದೆವು. ಆಗ ಒಬ್ಬ ಚಿಕ್ಕಪ್ಪ ಬಂದು ಕುರ್ಚಿ ಕೊಟ್ಟ. ಮೂರನೇ ಟೇಕಿಗೆ ಇನ್ನೊಬ್ಬಾಕೆ ಬಂದು, ಮೈ ಬೆಚ್ಚಗೈತೇನು ಅಂತ ಹಣೆ ಮುಟ್ಟಿ ನೋಡಿದಳು. ನಮ್ಮ ಕಡೆಯ ಮದುವೆಯಲ್ಲಿ ಒಬ್ಬನೇ ನಿಂತು ದುಃಖಪಡುವುದು ಸಾಧ್ಯವೇ ಇಲ್ಲ ಅಂತ ಮೇಷ್ಟ್ರಿಗೆ ಅವತ್ತು ಗೊತ್ತಾಯಿತು.

ನಾಲ್ಕನೇ ಟೇಕು. ಆನಗೋಡಿನ ಮಾವ ಒಬ್ಬರು ಬಂದು, "ಸುಮ್ನೆ ಕಂಬ ಹಿಡ್ಕಂಡು ನಿಂತೀಯಲ್ಲಪ್ಪ, ಆ ಕಡೆ ಪಂಕ್ತಿಗೆ ಸಾಂಬಾರೇ ಬಂದಿಲ್ಲ," ಅಂತ ಅವನ ಕೈಗೆ ಬಕೆಟ್ಟು ಕೊಟ್ಟರು. ಹುಡುಗ ಏನು ಮಾಡಬೇಕೋ ತಿಳಿಯದೆ ಬಕೆಟ್ಟು ಹಿಡಿದು ಬಡಿಸುತ್ತ ಹೋದ. ಹೋಗುತ್ತ ಹೋಗುತ್ತ ಕಣ್ಣಲ್ಲಿ ನಿಜವಾಗಿ ನೀರು ಬಂತು. ಹಿಂದುಗಡೆ ಮಂತ್ರ, ಅಕ್ಷತೆ. ಮೇಷ್ಟ್ರು ಕಟ್ ಅನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ. ನನ್ನ ಕಾಲದಲ್ಲಿ ಕೈಯಲ್ಲಿ ಕ್ಯಾಮೆರಾ ಇದ್ದದ್ದಕ್ಕೆ ಬಚಾವಾದೆ, ಇಲ್ಲದಿದ್ದರೆ ನನ್ನ ಕೈಗೂ ಇದೇ ಬಕೆಟ್ಟು ಬರುತ್ತಿತ್ತು ಅನ್ನಿಸಿತು.

ಟೇಕು ಮುಗಿದ ಮೇಲೆ ಸೋದರತ್ತೆ ಹುಡುಗನ ಬೆನ್ನು ಸವರಿದಳು. "ಆಕಿ ಹೋದ್ಲು ಅಂತ ಅಳಬ್ಯಾಡ," ಅಂದಳು. "ಸಾಂಬಾರು ಚೆಂದ ಬಡಿಸ್ತಿ. ನಮ್ಮ ಆನಗೋಡಾಗೆ ನನ್ನ ಮೊಮ್ಮಗಳು ಅದಾಳೆ, ನೋಡ್ತೀಯೇನು?"

ಅಣ್ಣನ ಡೈಲಾಗು

ಪಿಚ್ಚರಿನಲ್ಲಿ ಮಾತು ಬಿಟ್ಟ ಅಣ್ಣನ ಪಾತ್ರ ಒಂದಿತ್ತು. ಅದಕ್ಕೆ ಮೇಷ್ಟ್ರು ನನ್ನ ಅಣ್ಣನನ್ನೇ ಹಾಕಿದರು. ಅವರು ನಟನೆ ಮಾಡಬೇಕಾಗಿಯೇ ಇಲ್ಲ ಅನ್ನುವುದು ಮೇಷ್ಟ್ರ ವಾದ. ನಿಜವೇ. ನಾನೂ ಅಣ್ಣನೂ ಮಾತಾಡಿ ನಾಲ್ಕು ವರ್ಷವಾಗಿತ್ತು. ಒಂದೇ ಮನೆ, ಮಧ್ಯೆ ಗೋಡೆ. ಬೋರ್‌ವೆಲ್ ಇಬ್ಬರದೂ ಒಂದೇ, ಗೋಡೆ ಎದ್ದಾಗ ಅದರ ಸ್ವಿಚ್ಚು ಅವನ ಕಡೆಗೆ ಹೋಯಿತು. ಒಂದು ಬೆಳಗ್ಗೆ ನಾನು ತಲೆಗೆ ಸೋಪು ಹಚ್ಚಿಕೊಂಡು ಕೂತಿದ್ದಾಗ ಅವನು ಸ್ವಿಚ್ಚು ಆಫ್ ಮಾಡಿದ. ನಾನು ಸೋಪಿನ ಕಣ್ಣಲ್ಲೇ ಏನೋ ಅಂದೆ. ಅವನೂ ಒಂದು ಅಂದ. ಅಲ್ಲಿಗೆ ಮುಗಿಯಿತು.

ನನ್ನ ಹೆಂಡತಿ ಹೋಗಿ ಕೇಳಿದ್ದಕ್ಕೆ ಅಣ್ಣ ಪಾತ್ರಕ್ಕೆ ಒಪ್ಪಿದ. ಆದರೆ ಸೆಟ್ಟಿನಲ್ಲೂ ಪಟ್ಟು ಬಿಡಲಿಲ್ಲ. ಎರಡು ಅಡಿ ದೂರದಲ್ಲಿ ನಿಂತಿರುವ ನನ್ನ ಮುಂದೆಯೇ ಮೇಷ್ಟ್ರಿಗೆ, ಕ್ಯಾಮೆರಾದವರಿಗೆ ಹೇಳಿರಿ, ಬೋಳುತಲೆ ಕಾಣದ ಹಾಗೆ ತೆಗೆಯಲಿ ಅನ್ನುತ್ತಿದ್ದ. ನಾನು ಮೇಷ್ಟ್ರಿಗೆ, ಅವರಿಗೆ ಹೇಳಿರಿ, ಅದು ಕ್ಯಾಮೆರಾದ ಕೈಯಲ್ಲಿಲ್ಲ ಅನ್ನುತ್ತಿದ್ದೆ. ಮೇಷ್ಟ್ರು ಪಾಪ, ಟಪ್ಪಾಲು ಹಂಚುವವರ ಹಾಗೆ ನಡುವೆ ನಿಂತಿದ್ದರು.

ಅಣ್ಣನಿಗಿದ್ದದ್ದು ಒಂದೇ ಡೈಲಾಗು. ಹುಡುಗಿಯ ಮದುವೆ ಮುಗಿಸಿ ಬಂದ ತಮ್ಮ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಾನೆ. ವರ್ಷಗಟ್ಟಲೆ ಮಾತಾಡದ ಅಣ್ಣ ಬಾಗಿಲು ತೆಗೆದು, "ಒಳಗೆ ಬಾರೋ" ಅನ್ನಬೇಕು. ಅಷ್ಟೇ. ಅಣ್ಣ ತನ್ನ ಮನೆಯದೇ ಬಾಗಿಲು ತೆಗೆದ, ಚೆನ್ನಾಗಿ ತೆಗೆದ. ಆಮೇಲೆ ಟೈಲರ್ ಹುಡುಗನನ್ನು ಬಿಟ್ಟು ಸೀದಾ ಕ್ಯಾಮೆರಾ ನೋಡಿಕೊಂಡು, ಒಳಗೆ ಬಾರೋ ಅಂದ. ಮೇಷ್ಟ್ರು ಕಟ್ ಅಂದರು. ಹುಡುಗನ ಕಡೆ ನೋಡಿ ಅನ್ನಬೇಕು ಅಂತ ತಿಳಿಸಿ ಹೇಳಿದರು. ಎರಡನೇ ಸಲವೂ ಕ್ಯಾಮೆರಾ. ಮೂರನೇ ಸಲವೂ. ಏಳು ಟೇಕು ಆಯಿತು. ಬಿಸಿಲು ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಮೇಷ್ಟ್ರ ಮೂಲಕ ಹೇಳಿಸುವುದನ್ನು ಮರೆತು, "ಅಣ್ಣ, ಕ್ಯಾಮೆರಾ ನೋಡಬ್ಯಾಡ," ಅಂದೆ.

ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಮತ್ತೆ ಯಾರನ್ನ ನೋಡ್ಕಂಡು ಹೇಳ್ಲಿ?" ಅಂದ. "ನಾನು ಮಾತು ಬಿಟ್ಟಿದ್ದು ಈ ಹುಡುಗನ ಸಂಗಡಲೇನು?"

ನಾನು ಕ್ಯಾಮೆರಾ ಬಿಟ್ಟು ಒಳಗೆ ಹೋದೆ. ನಾಲ್ಕು ವರ್ಷದ ಮೇಲೆ ಅತ್ತಿಗೆಯ ಕೈಯ ಚಾ ಕುಡಿದೆ. ಅಣ್ಣ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ಸರಿಸಿದ. ಮಾರನೇ ಬೆಳಗ್ಗೆ ಬಚ್ಚಲಿನಲ್ಲಿದ್ದೆ, ಗೋಡೆಯ ಆಚೆಯಿಂದ ಅಣ್ಣನ ದೊಡ್ಡ ಗಂಟಲು ಕೇಳಿಸಿತು. "ಲೇ ತಮ್ಮ, ಸೋಪು ತೊಳ್ಕಂಡ್ಯಾ? ಸ್ವಿಚ್ ಆಫ್ ಮಾಡ್ಲಾ?"

ಈಗ ದಿನಾ ಕೇಳುತ್ತಾನೆ. ನಾನು ಯಾವಾಗ ಸ್ನಾನಕ್ಕೆ ಕೂತೆ, ಯಾವಾಗ ಎದ್ದೆ ಅನ್ನುವುದು ಇಡೀ ಓಣಿಗೆ ಗೊತ್ತು.

ಅಳುವ ಸೀನು

ಉಳಿದದ್ದು ಒಂದು ಸೀನು. ಟೈಲರನ ಹೆಂಡತಿ ಹೊಲಿಗೆ ಮಷಿನ್ನಿನ ಡ್ರಾಯರ್ ತೆಗೆಯುತ್ತಾಳೆ, ಅದರಲ್ಲಿ ಹುಡುಗಿಯ ಫೋಟೋ ಸಿಗುತ್ತದೆ, "ಯಾರು ಇವಳು" ಅಂತ ಕೇಳಿ ಅಳುತ್ತಾಳೆ. ಪಿಚ್ಚರಿನ ಜೀವ ಅದೇ ಅಂತ ಮೇಷ್ಟ್ರು ಹೇಳುತ್ತಿದ್ದರು. ನನಗೆ ಮಾತ್ರ ಆ ಸೀನನ್ನು ನೆನೆದರೇ ಬೆವರು. ಆ ಪಾತ್ರಕ್ಕೆ ಹರಿಹರದಿಂದ ಒಬ್ಬ ನಾಟಕದ ಹೆಣ್ಣುಮಗಳು ಬರಬೇಕಿತ್ತು. ಅವತ್ತೇ ಅವರ ನಾದಿನಿಗೆ ಹೆರಿಗೆ ನೋವು ಬಂತು. ಮೊಬೈಲ್ ಅಂಗಡಿಯ ಹುಡುಗನಿಗೆ ರಜೆ ಅದೊಂದೇ ದಿನ. ಮೇಷ್ಟ್ರು ಸುತ್ತ ಕಣ್ಣಾಡಿಸಿದರು. ಕಣ್ಣು ಬಂದು ನನ್ನ ಹೆಂಡತಿಯ ಮೇಲೆ ನಿಂತಿತು.

ನಾನು ಮೂರು ಕಾರಣ ಹೇಳಿ ತಪ್ಪಿಸಲು ನೋಡಿದೆ. ಆಕೆಗೆ ಕ್ಯಾಮೆರಾ ಆಗಿಬರುವುದಿಲ್ಲ ಅಂದೆ, ಅಡುಗೆಯ ಹೊತ್ತಾಯಿತು ಅಂದೆ, ಆಕೆಗೆ ಅಳಲು ಬರುವುದಿಲ್ಲ ಅಂದೆ. ಮೂರನೆಯದು ನಿಜವೇ. ಆಕೆ ಮಾತ್ರ ಕೈ ಒರೆಸಿಕೊಂಡು, ಮಾಡ್ತೀನಿ ಬಿಡ್ರಿ, ಡ್ರಾಯರ್ ತೆಗೆಯೋದು ಏನು ದೊಡ್ಡ ಕೆಲಸ ಅಂದಳು. ಬಾಗಿಲಲ್ಲಿ ಅಣ್ಣ, ಅತ್ತಿಗೆ ಬಂದು ನಿಂತರು. ಕಣ್ಣಿಗೆ ಗ್ಲಿಸರಿನ್ ಹಾಕಿದೆವು, ಒಂದು ಹನಿ ನೀರು ಬರಲಿಲ್ಲ. ದಿನಾ ಎರಡು ಕಿಲೋ ಈರುಳ್ಳಿ ಹೆಚ್ಚುವ ಕಣ್ಣು ಅದು. ಮೇಷ್ಟ್ರು, ಹೋಗಲಿ, ಮನಸ್ಸಿನಿಂದ ಅತ್ತರೆ ಸಾಕು ಅಂದರು. ಏನೇ ಆದರೂ ತಾವು ಕಟ್ ಅನ್ನುವವರೆಗೆ ನಿಲ್ಲಿಸಬಾರದು ಅಂತ ಆಕೆಗೂ ಟೈಲರ್ ಹುಡುಗನಿಗೂ ಹೇಳಿ, ಆಕ್ಷನ್ ಅಂದರು.

ಆಕೆ ಡ್ರಾಯರ್ ತೆಗೆದಳು. ನಾಯಕಿಯ ಫೋಟೋ ಕೈಗೆ ತೆಗೆದುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಳುವುದು ಬಿಟ್ಟು ಸಣ್ಣಗೆ ನಕ್ಕಳು. ಮಷಿನ್ನಿನ ಮುಂದಿದ್ದ ಸ್ಟೂಲಿನ ಮೇಲೆ ಕೂತು, ಟೈಲರ್ ಹುಡುಗನಿಗೆ, "ಇದು ಆಕಿ ಅಲ್ಲ," ಅಂದಳು.

ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಹುಡುಗ ಬಾಯಿ ತೆರೆದು ಹಾಂ ಅಂದ.

"ಆಕಿಗೆ ಎಡಗಲ್ಲದ ಮ್ಯಾಲೆ ಒಂದು ಮಚ್ಚೆ ಐತೆ. ದೇವಸ್ಥಾನದ ಹಿಂದಿನ ಓಣಿ, ನೀಲಿ ಬಾಗಿಲ ಮನೆ."

ಕಟ್ ಅನ್ನೋಣ ಅಂದರೆ ಅದು ನನ್ನ ಕೆಲಸವಲ್ಲ. ಮೇಷ್ಟ್ರನ್ನು ನೋಡಿದೆ. ಅವರು ಉಸಿರು ಹಿಡಿದು ನಿಂತಿದ್ದರು, ಇಂಥ ಅಭಿನಯವನ್ನು ಅವರು ಕಂಡೇ ಇರಲಿಲ್ಲ.

ಆಕೆ ಹುಡುಗನ ಮುಖ ನೋಡಿಕೊಂಡೇ ಮಾತಾಡಿದಳು. "ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋಗಾಕೆ ಆ ಓಣಿ ದಾರಿನೇ ಅಲ್ಲ. ಆದ್ರೂ ಹದಿನೆಂಟು ವರ್ಷದಿಂದ ಅಮಾಸೆ ಅಮಾಸೆಗೆ ಹರಿಹರ ಬಂತು ಅಂದ್ರೆ ಗಾಡಿ ಆ ಓಣಿಗೇ ತಿರುಗತ್ತೆ. ಅಲ್ಲಿ ಹೂವು ಚಲೋ ಸಿಗತ್ತೆ ಅಂತೀರಿ. ಆ ಬಾಗ್ಲ ಮುಂದೆ ಬಂದ ಕೂಡ್ಲೆ ಸ್ಲೋ. ಹಿಂದೆ ಕೂತಾಕಿಗೆ ಗೊತ್ತಾಗಲ್ಲೇನು? ಆಗಿನ ನಿಮ್ಮ ಓಡಾಟ ಕಂಡಿದ್ದ ಹೂವಿನ ಅಜ್ಜಿ ಮೊದಲ್ನೇ ವರ್ಷನೇ ನನಗೆ ಎಲ್ಲಾ ಹೇಳ್ಯಾಳೆ."

ಹುಡುಗ, ತಪ್ಪಾಯಿತು ಅಂದ. ನನ್ನ ಮಾತನ್ನು ಅವನೇ ಆಡಿದ.

"ಎರಡು ವರ್ಷ ಸಿಟ್ಟು ಬಂತು ನನಗೆ. ಅಡುಗೆಮನ್ಯಾಗೆ ಒಬ್ಬಾಕಿನೇ ಬೈಕಂಡೀನಿ. ಆಮೇಲೆ ಒಂದು ಅಮಾಸೆ ದಿನ ಆಕಿನೇ ತವರಿಗೆ ಬಂದಿದ್ಲು. ಬಾಗ್ಲಾಗೆ ನಿಂತು ಮಗೂಗೆ ಊಟ ಮಾಡಿಸ್ತಿದ್ಲು. ಮಚ್ಚೆ ನೋಡಿ ನಾನು ಗುರ್ತು ಹಿಡಿದೆ. ನೀವು ಗಾಡಿ ಸ್ಲೋ ಮಾಡಿದ್ರಿ, ಬಾಗ್ಲು ನೋಡಿದ್ರಿ, ಆಕಿ ಮುಖನೂ ನೋಡಿದ್ರಿ. ಗುರ್ತೇ ಹತ್ತಲಿಲ್ಲ ನಿಮಗೆ. ಸ್ವಲ್ಪ ದಪ್ಪ ಆಗಿದ್ಲು. ಮುಂದೆ ಹೋಗಿ, ಏನೇ, ಮಲ್ಲಿಗೆ ಬೇಕಾ ಸೇವಂತಿಗೆ ಬೇಕಾ ಅಂತ ನನ್ನ ಕೇಳಿದ್ರಿ. ಅವತ್ತು ನಿರಾಳ ಆತು. ಈ ಮನುಷ್ಯನಿಗೆ ಬಾಗ್ಲು ಒಂದು ನೆನಪೈತೆ, ಇರ್ಲಿ ಬಿಡು ಅಂದ್ಕಂಡೆ."

ಆಕೆ ಫೋಟೋವನ್ನು ಡ್ರಾಯರಿನೊಳಗೆ ಇಟ್ಟು ಮುಚ್ಚಿದಳು. ನನಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಬಾಗಿಲಿನಿಂದ ಅಣ್ಣ ಮೆಲ್ಲಗೆ, "ಲೇ, ಫೋಕಸ್ ನೋಡ್ಕೋ," ಅಂದ. ಫೋಕಸ್ ಸರಿಯಾಗಿಯೇ ಇತ್ತು. ನಾನು ಅಳುತ್ತಿದ್ದೆ. ಹದಿನೆಂಟು ವರ್ಷ ಹೊತ್ತುಕೊಂಡು ತಿರುಗಿದ ಭಯ ಇಳಿದುಹೋದದ್ದಕ್ಕೆ ಅಳುತ್ತಿದ್ದೆ. ಅದನ್ನು ಆಕೆ ಅಷ್ಟು ವರ್ಷವೂ ನನ್ನ ಬೆನ್ನ ಹಿಂದೆಯೇ ಕೂತು ನೋಡಿದ್ದಳಲ್ಲ ಅಂತಲೂ ಅಳುತ್ತಿದ್ದೆ.

ಮೇಷ್ಟ್ರು ಕೊನೆಗೂ ಕಟ್ ಅಂದರು. ಕರ್ಚೀಪಿನಿಂದ ಕಣ್ಣೊರೆಸಿಕೊಂಡು ಬಂದು, ತಂಗ್ಯಮ್ಮ, ಇದು ನಾನು ಬರೆದದ್ದಕ್ಕಿಂತ ನೂರು ಪಾಲು ಚೆನ್ನಾಗಿದೆ, ಆ ಸತ್ತ ಗೆಳೆಯನ ಆತ್ಮ ಎಲ್ಲಿದ್ದರೂ ಈಗ ತಣ್ಣಗಾಗಿರುತ್ತದೆ ಅಂದರು. ಆಮೇಲೆ ಸೇಫ್ಟಿಗೆ ಇರಲಿ, ಇನ್ನೊಂದೇ ಒಂದು ಟೇಕು ತೆಗೆದುಬಿಡೋಣ ಅಂದರು.

ಆಕೆ ಸೆರಗು ಸರಿಮಾಡಿಕೊಂಡು ಎದ್ದಳು. ಉತ್ತರ ಮೇಷ್ಟ್ರಿಗೆ, ಕಣ್ಣು ಮಾತ್ರ ಕ್ಯಾಮೆರಾದ ಹಿಂದೆ ನಿಂತಿದ್ದ ನನ್ನ ಮೇಲೆ.

"ಬ್ಯಾಡ್ರಿ ಮೇಷ್ಟ್ರೆ. ಹದಿನೆಂಟು ವರ್ಷ ರಿಹರ್ಸಲ್ ಮಾಡೀನಿ, ಒಂದೇ ಟೇಕ್ ಸಾಕು."